ಮಾತ್ರೆ ಹೆಸರು ಬಿಡಿಸಿ ಓದೋದು ಹೇಗೆ: ಪ್ಯಾರಾಸಿಟಮಾಲ್‌ನಲ್ಲಿರೋ ನವಸಾಗರ, ಮೆಟ್‌ಫಾರ್ಮಿನ್‌ನಲ್ಲಿರೋ ಮಧು

ನಮ್ಮಪ್ಪಂಗೆ ಬಿಪಿ. ಊರಲ್ಲಿ ಡಾಕ್ಟ್ರು ಬರ್ಕೊಟ್ಟ ಮಾತ್ರೆನ ಎಷ್ಟೋ ವರ್ಷದಿಂದ ತಗೊಳ್ತಿದ್ರು, ಬೆಂಗಳೂರಿಗೆ ನಮ್ಮನೆಗೆ ಬಂದಾಗ ಇಲ್ಲೊಬ್ರು ಡಾಕ್ಟ್ರಿಗೆ ತೋರಿಸಿದ್ವಿ, ಅವ್ರೂ ಒಂದು ಬರೆದ್ರು, ಹೆಸರು ಬೇರೆ, ಬಣ್ಣ ಬೇರೆ, ಕಂಪನಿ ಬೇರೆ, ಹಾಗಾಗಿ ಅಪ್ಪ ಹಳೇದನ್ನೂ ಹೊಸದನ್ನೂ ಎರಡೂ ನುಂಗ್ತಾ ಹೋದ್ರು. ಹತ್ತನೇ ದಿನ ಬಚ್ಚಲಿಂದ ಬರ್ತಾ ತಲೆ ಸುತ್ತಿ ಗೋಡೆ ಹಿಡ್ಕೊಂಡು ಕೂತ್ಬಿಟ್ರು. ಆಮೇಲೆ ಎರಡೂ ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿದ್ರೆ ಎರಡ್ರಲ್ಲೂ ಅದೇ ಟೆಲ್ಮಿಸಾರ್ಟನ್. ಎರಡೂ ಡಾಕ್ಟ್ರದ್ದು ತಪ್ಪಿಲ್ಲ, ಒಬ್ರಿಗೆ ಇನ್ನೊಬ್ರು ಕೊಟ್ಟಿದ್ದು ನಾವು ಹೇಳೇ ಇರ್ಲಿಲ್ಲ.

ಅವತ್ತಿಂದ ನಾನು ಮಾತ್ರೆ ಹೆಸರು ಓದೋಕೆ ಶುರು ಮಾಡಿದ್ದು. ಮೊದ್ಲು ಭಯಕ್ಕೆ, ಆಮೇಲೆ ನಿಜವಾಗ್ಲೂ ಪ್ರೀತಿಯಿಂದ, ಯಾಕಂದ್ರೆ ಈ ಹೆಸರುಗಳು ಬಾಯಿಗೆ ಬಂದಂಗೆ ಇಟ್ಟಿದ್ದಲ್ಲ, ಒಳಗೆ ಅರ್ಥ ಇರತ್ತೆ, ಊರಿರತ್ತೆ, ಗಿಡ ಇರತ್ತೆ, ಮನುಷ್ಯರಿರ್ತಾರೆ. ಕೆಮಿಸ್ಟ್ರಿ ಓದಿರ್ಬೇಕು ಅಂತೇನಿಲ್ಲ. ನಾನು ಹೇಗೆ ಓದ್ತೀನೋ ಅದೇ ಆರ್ಡರ್‌ನಲ್ಲಿ ಹೇಳ್ತೀನಿ, ಮನೇಲಿರೋ ಮಾತ್ರೆ ಡಬ್ಬಿ ಪಕ್ಕದಲ್ಲಿಟ್ಕೊಂಡು ಓದಿ.

ಹೆಜ್ಜೆ 1: ಸ್ಟ್ರಿಪ್ ತಿರುಗಿಸಿ, ನಿಜವಾದ ಹೆಸರು ಹುಡುಕಿ

ಒಂದೊಂದು ಔಷಧಿಗೂ ಮೂರು ಹೆಸರು. ಒಂದು ಕಂಪನಿ ಇಟ್ಟ ಬ್ರ್ಯಾಂಡ್ ಹೆಸರು, ಕ್ರೋಸಿನ್, ಡೋಲೊ ಥರ. ಇನ್ನೊಂದು ಉದ್ದುದ್ದ ಕೆಮಿಕಲ್ ಹೆಸರು, ಅದು ಲ್ಯಾಬ್‌ನೋರಿಗೆ. ಮಧ್ಯದ್ದು ಜನೆರಿಕ್ ಹೆಸರು, ನಮಗೆ ಬೇಕಾಗಿರೋದು ಇದೇ. ಮೆಡಿಕಲ್ ಶಾಪ್‌ನಲ್ಲಿ "ಸೇಮ್ ಕಂಟೆಂಟ್ ಸಾರ್, ಕಂಪನಿ ಬೇರೆ ಅಷ್ಟೆ" ಅಂತಾರಲ್ಲ, ಆ ಕಂಟೆಂಟ್ ಅನ್ನೋದೇ ಜನೆರಿಕ್ ಹೆಸರು. ಜನೌಷಧಿ ಅಂಗಡೀಲಿ ಮಾರೋದೂ ಈ ಹೆಸರಲ್ಲೇ.

ಸ್ಟ್ರಿಪ್ ಹಿಂದೆ "ಈಚ್ ಟ್ಯಾಬ್ಲೆಟ್ ಕಂಟೇನ್ಸ್" ಅಂತ ಒಂದು ಸಾಲು ಇರತ್ತೆ, ಅದರ ಮುಂದೆ ಇರೋದನ್ನ ನೋಡಿ. ಹೆಸರಿನ ಪಕ್ಕ ಐಪಿ ಅಂತಿದ್ರೆ ಗಾಬರಿ ಬೇಡ, ಇಂಡಿಯನ್ ಫಾರ್ಮಕೋಪಿಯಾ ಅಂತ, ಆ ಪುಸ್ತಕದಲ್ಲಿ ಹೇಳಿರೋ ಗುಣಮಟ್ಟದ ಪ್ರಕಾರ ಇದೆ ಅನ್ನೋ ಗುರುತು. ಹೈಡ್ರೋಕ್ಲೋರೈಡ್, ಸೋಡಿಯಂ, ಬೆಸಿಲೇಟ್ ಅಂತ ಬಾಲ ಇದ್ರೆ ಅದು ಯಾವ ಉಪ್ಪಿನ ರೂಪದಲ್ಲಿ ಮಾಡಿದಾರೆ ಅನ್ನೋದಕ್ಕೆ, ಹೆಸರು ಬಿಡಿಸೋವಾಗ ಅದನ್ನ ಪಕ್ಕಕ್ಕಿಡಿ. ಮೆಟ್‌ಫಾರ್ಮಿನ್ ಹೈಡ್ರೋಕ್ಲೋರೈಡ್ ಅಂದ್ರೆ ನಮ್ಮ ಕೆಲಸ ಮೆಟ್‌ಫಾರ್ಮಿನ್ ಜೊತೆ ಮಾತ್ರ.

ಒಂದು ಮಾತು, ಅಂಗಡೀಲಿ ನಾಲ್ಕೇ ಮಾತ್ರೆ ಕೇಳಿದ್ರೆ ಸ್ಟ್ರಿಪ್ ಕತ್ತರಿಸಿ ಕೊಡ್ತಾರೆ, ಆಗ ಹೆಸರಿರೋ ಭಾಗ ಅಲ್ಲೇ ಉಳ್ಕೊಳತ್ತೆ. ಕತ್ತರಿಸೋಕೆ ಮುಂಚೆ ಮೊಬೈಲಲ್ಲಿ ಒಂದು ಫೋಟೋ ತಗೊಳ್ಳಿ, ಎಕ್ಸ್‌ಪೈರಿ ಡೇಟೂ ಸಿಗತ್ತೆ.

ಹೆಜ್ಜೆ 2: ಬಾಲ ನೋಡಿ, ಮನೆತನ ಗೊತ್ತಾಗತ್ತೆ

ಹೆಸರನ್ನ ಹಿಂದಿನಿಂದ ಓದ್ಬೇಕು, ಇದು ಮುಖ್ಯ. ಜನೆರಿಕ್ ಹೆಸರುಗಳಿಗೆ ಇಡೀ ಪ್ರಪಂಚಕ್ಕೆ ಒಂದೇ ವ್ಯವಸ್ಥೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 1950ರಲ್ಲಿ ನಿರ್ಣಯ ಮಾಡ್ತು, 1953ರಲ್ಲಿ ಮೊದಲ ಪಟ್ಟಿ ಬಂತು. ಆ ವ್ಯವಸ್ಥೇಲಿ ಒಂದೇ ಥರ ಕೆಲಸ ಮಾಡೋ ಔಷಧಿಗಳಿಗೆ ಒಂದೇ ತುಣುಕು ಇಡ್ತಾರೆ, ಅದಕ್ಕೆ ಸ್ಟೆಮ್ ಅಂತಾರೆ, ಸಾಮಾನ್ಯವಾಗಿ ಹೆಸರಿನ ಕೊನೇಲಿರತ್ತೆ. ನಮ್ಮಲ್ಲಿ ಮನೆತನದ ಹೆಸರು ಇರತ್ತಲ್ಲ, ಹಾಗೇ ಅಂದ್ಕೊಳ್ಳಿ.

ಬಿಪಿ ಮಾತ್ರೆಗಳಿಂದ ಶುರು ಮಾಡಿ, ಯಾಕಂದ್ರೆ ಎಲ್ಲರ ಮನೇಲೂ ಇರತ್ತೆ. ಟೆಲ್ಮಿಸಾರ್ಟನ್, ಲೊಸಾರ್ಟನ್, ಓಲ್ಮೆಸಾರ್ಟನ್, ಎಲ್ಲದರ ಬಾಲ ಸಾರ್ಟನ್. ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಇವೆಲ್ಲ ಒಲಾಲ್, ಅಂದ್ರೆ ಬೀಟಾ ಬ್ಲಾಕರ್, ಎದೆ ಬಡಿತ ನಿಧಾನ ಮಾಡೋ ಔಷಧಿ, ಆಸ್ತಮಾ ಇರೋರು ಈ ಬಾಲ ಕಂಡ್ರೆ ಡಾಕ್ಟ್ರಿಗೆ ಖಂಡಿತ ನೆನಪಿಸ್ಬೇಕು. ಅಮ್ಲೊಡಿಪಿನ್, ನಿಫೆಡಿಪಿನ್‌ಗಳದ್ದು ಡಿಪಿನ್, ಡೈಹೈಡ್ರೋಪಿರಿಡಿನ್ ಅನ್ನೋ ಉದ್ದ ಹೆಸರು ಕುಗ್ಗಿ ಆಗಿದ್ದು. ಎನಲಾಪ್ರಿಲ್, ರಾಮಿಪ್ರಿಲ್ ಪ್ರಿಲ್ ಮನೆತನ, ಇದರ ಹಿರಿಯ ಕ್ಯಾಪ್ಟೊಪ್ರಿಲ್, ಬ್ರೆಜಿಲ್‌ನ ಜರರಾಕಾ ಅನ್ನೋ ಮಂಡಲದ ಜಾತಿ ಹಾವಿನ ವಿಷದ ಮೇಲಿನ ಸಂಶೋಧನೆಯಿಂದ ಬಂದಿದ್ದು, ಅದರಲ್ಲಿರೋ ಕ್ಯಾಪ್ಟೊ ಅನ್ನೋದು ಮರ್ಕ್ಯಾಪ್ಟೊ ಅನ್ನೋದರ ತುಂಡು, ಲ್ಯಾಟಿನ್‌ನಲ್ಲಿ ಪಾದರಸ ಹಿಡಿಯೋದು ಅಂತ ಅರ್ಥ, ಗಂಧಕ ಇರೋ ಆ ಗುಂಪಿಗೆ ಪಾದರಸದ ಜೊತೆ ಅಷ್ಟು ಗಟ್ಟಿ ಅಂಟು.

ಬೇರೆ ಬಾಲಗಳನ್ನ ಬೇಗ ಹೇಳ್ಬಿಡ್ತೀನಿ. ಕೊಲೆಸ್ಟ್ರಾಲ್‌ಗೆ ವ್ಯಾಸ್ಟಾಟಿನ್, ಹೊಟ್ಟೆ ಆಸಿಡ್‌ಗೆ ಪ್ರಜೋಲ್, ಶುಗರ್‌ಗೆ ಗ್ಲಿಪ್ಟಿನ್ ಮತ್ತೆ ಗ್ಲಿಫ್ಲೋಜಿನ್, ಫಂಗಸ್‌ಗೆ ಕೊನಜೋಲ್, ವೈರಸ್‌ಗೆ ವಿರ್, ವಾಂತಿ ನಿಲ್ಲಿಸೋಕೆ ಸೆಟ್ರಾನ್, ಹಲ್ಲು ಕೀಳೋವಾಗ ಮರಗಟ್ಟಿಸೋದಕ್ಕೆ ಕೇನ್. ರಕ್ತ ತೆಳು ಮಾಡೋ ಕ್ಸಬಾನ್‌ಗಳ ಇಂಗ್ಲಿಷ್ ಸ್ಪೆಲಿಂಗ್ ನೋಡಿ, ಎಕ್ಸ್ ಎ ಅಂತ ಎರಡಕ್ಷರ ಕಾಣತ್ತೆ, ರಕ್ತ ಹೆಪ್ಪುಗಟ್ಟಿಸೋ ಹತ್ತನೇ ಫ್ಯಾಕ್ಟರ್ ಹೆಸರದು, ಅದನ್ನೇ ಇದು ತಡೆಯೋದು. ಆಂಟಿಬಾಡಿ ಔಷಧಿಗಳಿಗೆ ಮ್ಯಾಬ್ ಅಂತಿತ್ತು, ಸಂಖ್ಯೆ ಜಾಸ್ತಿಯಾಗಿ 2021ರಲ್ಲಿ ಹೊಸ ಔಷಧಿಗಳಿಗೆ ಟಗ್, ಬಾರ್ಟ್, ಮಿಗ್, ಮೆಂಟ್ ಅಂತ ನಾಲ್ಕು ಭಾಗ ಮಾಡಿದಾರೆ.

ಪೆನಿಸಿಲಿನ್ ಅಲರ್ಜಿ ಇರೋರಿಗೆ ಈ ಹೆಜ್ಜೆ ಜೀವದ ಪ್ರಶ್ನೆ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಾಕ್ಸಸಿಲಿನ್, ಬ್ರ್ಯಾಂಡ್ ಹೆಸರಲ್ಲಿ ಎಲ್ಲೂ ಪೆನಿಸಿಲಿನ್ ಅಂತ ಇರಲ್ಲ, ಆದ್ರೆ ಕಂಟೆಂಟ್‌ನಲ್ಲಿ ಸಿಲಿನ್ ಬಾಲ ಇದ್ದೇ ಇರತ್ತೆ. ಮುಂದೆ ಸೆಫ್ ಅಂತ ಶುರುವಾಗೋದು ಪೆನಿಸಿಲಿನ್‌ಗೆ ಹತ್ರದ ಸಂಬಂಧಿ, ಅದಿದ್ರೂ ಅಲರ್ಜಿ ವಿಷಯ ಹೇಳಿನೇ ತಗೊಳ್ಳಿ.

ಹೆಜ್ಜೆ 3: ಪ್ಯಾರಾಸಿಟಮಾಲ್ ಇಟ್ಕೊಂಡು ಪೂರ್ತಿ ಬಿಡಿಸಿ

ಬಾಲ ನೋಡಿದ್ರೆ ಎಲ್ಲ ಮುಗೀಲಿಲ್ಲ, ಕೆಲವು ಹೆಸರು ಪೂರ್ತಿ ಬಿಡಿಸ್ಬಹುದು. ಅಭ್ಯಾಸಕ್ಕೆ ಪ್ಯಾರಾಸಿಟಮಾಲ್‌ಗಿಂತ ಒಳ್ಳೇದು ಇಲ್ಲ, ಕೊರೊನಾ ಟೈಮಲ್ಲಿ ಬೆಂಗಳೂರಿನ ಕಂಪನಿ ಮಾಡೋ ಡೋಲೊ 650 ಅಂತೂ ಇಡೀ ದೇಶದ ಬಾಯಲ್ಲಿತ್ತು.

ಇದರ ಕೆಮಿಕಲ್ ಹೆಸರು ಪ್ಯಾರಾ ಅಸೆಟೈಲ್ ಅಮಿನೊ ಫೀನಾಲ್. ಅದರಿಂದ ಪ್ಯಾರ್, ಅಸೆಟ್, ಅಮ್, ಆಲ್ ಇಷ್ಟೇ ಉಳಿಸ್ಕೊಂಡು ಜೋಡಿಸಿದ್ರೆ ಪ್ಯಾರಾಸಿಟಮಾಲ್. ಊರು ಪ್ಲಸ್ ಅಲ್ಲಿ ಊರಲ್ಲಿ ಆಗೋವಾಗ ಮಧ್ಯೆ ಒಂದು ಸ್ವರ ಬಿದ್ದು ಹೋಗತ್ತಲ್ಲ, ಲೋಪಸಂಧಿ ಅಂತ ಮೇಷ್ಟ್ರು ಬೋರ್ಡ್ ಮೇಲೆ ಬರೀತಿದ್ರಲ್ಲ, ಹೆಚ್ಚುಕಮ್ಮಿ ಅದೇ ಆಟ, ಇಲ್ಲಿ ಸ್ವಲ್ಪ ಜಾಸ್ತಿನೇ ಲೋಪ ಆಗಿದೆ.

ಈಗ ಒಂದೊಂದು ತುಣುಕನ್ನೂ ಮತ್ತೆ ಬಿಡಿಸಿ. ಪ್ಯಾರಾ ಅಂದ್ರೆ ಗ್ರೀಕ್‌ನಲ್ಲಿ ಪಕ್ಕ, ಕೆಮಿಸ್ಟ್ರಿಲಿ ಮಾತ್ರ ಆರು ಮೂಲೆಯ ಬೆಂಜೀನ್ ಉಂಗುರದಲ್ಲಿ ಎರಡು ಗುಂಪು ಎದುರುಬದುರು ಕೂತಿದ್ರೆ ಪ್ಯಾರಾ ಅಂತಾರೆ. ಅಸೆಟೈಲ್ ಬಂದಿದ್ದು ಅಸೀಟಮ್ ಅನ್ನೋ ಲ್ಯಾಟಿನ್ ಪದದಿಂದ, ಅರ್ಥ ವಿನೆಗರ್, ಉಪ್ಪಿನಕಾಯಿಗೆ ಹಾಕೋ ಅದೇ ಹುಳಿ. ಫೀನಾಲ್‌ನಲ್ಲಿರೋ ಫೀನ್‌ಗೆ ಗ್ರೀಕ್‌ನಲ್ಲಿ ಹೊಳೆಯೋದು ಅಂತ ಅರ್ಥ, ಬೀದಿ ದೀಪ ಉರಿಸೋ ಕಲ್ಲಿದ್ದಲ ಗ್ಯಾಸ್ ಮಾಡೋವಾಗ ಬೆಂಜೀನ್ ಸಿಕ್ತಿತ್ತು ಅಂತ ಲೊರಾನ್ ಅನ್ನೋ ಫ್ರೆಂಚ್ ಕೆಮಿಸ್ಟ್ ಆ ಪದ ಹಿಡಿದ್ರು. ಕೊನೆಯ ಆಲ್ ಆಲ್ಕೋಹಾಲ್‌ದು.

ನನಗೆ ತುಂಬ ಇಷ್ಟ ಆಗಿದ್ದು ನಡುವಿನ ಅಮ್. ಅದು ಅಮಿನೊ, ಅಮಿನೊ ಬಂದಿದ್ದು ಅಮೋನಿಯಾದಿಂದ, ಅಮೋನಿಯಾ ಬಂದಿದ್ದು ಸಾಲ್ ಅಮೋನಿಯಾಕ್ ಅನ್ನೋ ಉಪ್ಪಿನಿಂದ, ಆ ಉಪ್ಪಿಗೆ ಹೆಸರು ಬಂದಿದ್ದು ಈಜಿಪ್ಟಿನ ಅಮುನ್ ದೇವರಿಂದ, ಲಿಬಿಯಾ ಮರುಭೂಮೀಲಿದ್ದ ಅಮುನ್ ಗುಡಿ ಹತ್ರದ ಉಪ್ಪು ಅಂತ. ಆ ಉಪ್ಪು ನಮಗೆ ಹೊಸದೇನಲ್ಲ, ಅದೇ ನವಸಾಗರ. ಕಲಾಯಿ ಹಾಕೋರು ಬೀದೀಲಿ ತಿದಿ ಒತ್ತಿ ಪಾತ್ರೆ ಕಾಯಿಸಿ, ಬಿಳಿ ಪುಡಿ ಎಸೆದು ಹೊಗೆ ಎಬ್ಬಿಸಿ, ಹತ್ತೀಲಿ ಉಜ್ತಿದ್ರಲ್ಲ, ಆ ಪುಡಿ. ನಮ್ಮಜ್ಜಿ ಮನೆ ಮುಂದೆ ಆ ಘಾಟು ಮೂಗಿಗೆ ಹೊಡೆದಿದ್ದು ನಂಗಿನ್ನೂ ನೆನಪಿದೆ, ಆ ಹೊಗೆಯ ಹೆಸರಿನ ಒಂದು ಚೂರು ಜ್ವರದ ಮಾತ್ರೇಲಿದೆ ಅಂತ ಗೊತ್ತಾದ ದಿನ ನಾನು ಮನೇಲೆಲ್ಲರಿಗೂ ಕೂರಿಸ್ಕೊಂಡು ಹೇಳಿದ್ದೆ. ಗಮನಿಸಿ, ಹೆಸರಲ್ಲಿ ಇದೆ ಅಷ್ಟೆ, ಮಾತ್ರೇಲಿ ನವಸಾಗರ ಇಲ್ಲ.

ಈ ವಸ್ತುನ ಅಮೆರಿಕದಲ್ಲಿ ಹಾರ್ಮನ್ ಮೋರ್ಸ್ 1870ರ ದಶಕದ ಕೊನೇಲೇ ಲ್ಯಾಬ್‌ನಲ್ಲಿ ಮಾಡಿದ್ರು, ಆದ್ರೆ ಔಷಧಿಯಾಗಿ ಆಗ ಬಳಕೆಗೆ ಬರ್ಲಿಲ್ಲ, 1948ರಲ್ಲಿ ಬ್ರೋಡಿ ಮತ್ತೆ ಆಕ್ಸೆಲ್‌ರಾಡ್ ಅನ್ನೋ ವಿಜ್ಞಾನಿಗಳು ಹಳೇ ನೋವಿನ ಔಷಧಿಗಳು ಮೈಯೊಳಗೆ ಹೋಗಿ ಇದೇ ಆಗತ್ತೆ, ಕೆಲಸ ಮಾಡೋದು ಇದೇ ಅಂತ ತೋರಿಸಿದ್ಮೇಲೆ ಇದಕ್ಕೆ ಬೆಲೆ ಬಂತು. ಮಾರ್ಕೆಟ್‌ಗೆ 1955ರಲ್ಲಿ ಅಮೆರಿಕದಲ್ಲಿ, 1956ರಲ್ಲಿ ಬ್ರಿಟನ್‌ನಲ್ಲಿ.

ಅಲ್ಲೇ ಹೆಸರು ಎರಡಾಗಿದ್ದು. ಅದೇ ಉದ್ದ ಹೆಸರಿಂದ ಅಮೆರಿಕದೋರು ಬೇರೆ ತುಣುಕು ಆರಿಸ್ಕೊಂಡ್ರು, ಅಸೆಟ್, ಅಮಿನೊ, ಫೆನ್, ಹಾಗಾಗಿ ಅಸೆಟಮಿನೊಫೆನ್. ಅಲ್ಲಿನ ಟೈಲೆನಾಲ್ ಬ್ರ್ಯಾಂಡ್ ಕೂಡ ಅಸೆಟೈಲ್‌ನ ಟೈಲ್, ಫೀನಾಲ್‌ನ ಎನಾಲ್ ಸೇರಿ ಆಗಿದ್ದು. ಅಮೆರಿಕಕ್ಕೆ ಮಗಳ ಬಾಣಂತನಕ್ಕೆ ಹೋಗೋ ಅಮ್ಮಂದಿರು ಇದನ್ನ ಬರ್ದಿಟ್ಕೊಳ್ಳಿ, ಅಲ್ಲಿ ಅಂಗಡೀಲಿ ಪ್ಯಾರಾಸಿಟಮಾಲ್ ಅಂತ ಹುಡುಕಿದ್ರೆ ಸಿಗಲ್ಲ, ಊರಿಂದ ತಗೊಂಡೋಗಿದ್ದನ್ನೂ ನುಂಗಿ ಅಲ್ಲಿಂದೂ ನುಂಗಿದ್ರೆ ಡಬಲ್ ಡೋಸ್. ನಮ್ಮೂರಲ್ಲೂ ನೆಗಡಿ ಮಾತ್ರೆ, ನೋವಿನ ಕಾಂಬಿನೇಷನ್ ಎಷ್ಟೋಂದರಲ್ಲಿ ಪ್ಯಾರಾಸಿಟಮಾಲ್ ಸೇರಿರತ್ತೆ. ಆರೋಗ್ಯವಾಗಿರೋ ದೊಡ್ಡೋರಿಗೂ ಎಲ್ಲ ಸೇರಿ ದಿನಕ್ಕೆ 4 ಗ್ರಾಂ ದಾಟಬಾರದು, ಜಾಸ್ತಿಯಾದ್ರೆ ಲಿವರ್‌ಗೆ ಪೆಟ್ಟು, ಕುಡಿಯೋರಿಗೆ, ಲಿವರ್ ತೊಂದರೆ ಇರೋರಿಗೆ ಮಿತಿ ಇನ್ನೂ ಕಮ್ಮಿ, ಡಾಕ್ಟ್ರನ್ನ ಕೇಳಿ.

ಹೆಜ್ಜೆ 4: ತಲೆ ಎಲ್ಲಿಂದ ಬಂತು ಅಂತ ಕೇಳಿ

ಬಾಲ ಮನೆತನ ಹೇಳಿದ್ರೆ ಮುಂದಿನ ಭಾಗ ಹುಟ್ಟು ಹೇಳತ್ತೆ, ಆದ್ರೆ ಎಲ್ಲಾ ಸಲ ಅಲ್ಲ, ಈಗಿನ ಹೊಸ ಔಷಧಿಗಳಲ್ಲಿ ಮುಂದಿನ ಭಾಗಕ್ಕೆ ಅರ್ಥವೇ ಇರ್ಬೇಕಂತಿಲ್ಲ, ಬೇರೆ ಹೆಸರಿನ ಜೊತೆ ಕನ್ಫ್ಯೂಸ್ ಆಗದಿದ್ರೆ ಸಾಕು ಅಂತ ಇಡ್ತಾರೆ. ಹಳೇ ಔಷಧಿಗಳಲ್ಲೇ ಮಜಾ.

ಮೊದ್ಲು ಗಿಡ ಹುಡುಕಿ. ಆಸ್ಪಿರಿನ್ 1899ರಲ್ಲಿ ಬಾಯರ್ ಕಂಪನಿ ಇಟ್ಟ ಹೆಸರು, ಆ ಅಂದ್ರೆ ಅಸೆಟೈಲ್, ಸ್ಪಿರ್ ಅಂದ್ರೆ ಸ್ಪೈರಿಯಾ ಅನ್ನೋ ಹೂವಿನ ಗಿಡ. ನಮ್ಮ ಸರ್ಪಗಂಧಕ್ಕೆ ಸಸ್ಯಶಾಸ್ತ್ರದ ಹೆಸರು ರಾವುಲ್ಫಿಯಾ ಸರ್ಪೆಂಟೈನಾ, ಅದರಿಂದ 1952ರಲ್ಲಿ ಬೇರ್ಪಡಿಸಿದ ಬಿಪಿ ಔಷಧಿ ರಿಸರ್ಪಿನ್, ಒಳಗಿನ ಸರ್ಪ್ ಕಣ್ಣಿಗೆ ಹೊಡೆಯೋ ಹಂಗಿದೆ. ಸಂಸ್ಕೃತದ ಸರ್ಪ, ಲ್ಯಾಟಿನ್‌ನ ಸರ್ಪೆನ್ಸ್ ಒಂದೇ ಬೇರಿನ ಪದಗಳು. ಸರ್ಪಗಂಧದ ಬೇರಿಂದಲೇ 1931ರಲ್ಲಿ ದೆಹಲೀಲಿ ಸಲೀಮುಜ್ಜಮಾನ್ ಸಿದ್ದೀಕಿ ಇನ್ನೊಂದು ವಸ್ತು ತೆಗೆದ್ರು, ಅದಕ್ಕೆ ಅಜ್ಮಲೀನ್ ಅಂತ ಹೆಸರಿಟ್ರು, ಹಕೀಮ್ ಅಜ್ಮಲ್ ಖಾನ್ ಅವರ ನೆನಪಿಗೆ. ಹೃದಯದ ಒಂದು ಅಪರೂಪದ ಕಾಯಿಲೆ ಪತ್ತೆ ಹಚ್ಚೋಕೆ ಇವತ್ತಿಗೂ ಇದನ್ನ ಬಳಸ್ತಾರೆ. ದೆಹಲಿಯ ಒಬ್ಬ ಯುನಾನಿ ವೈದ್ಯರ ಹೆಸರು ಯುರೋಪಿನ ಆಸ್ಪತ್ರೇಲಿ ಬಾಟ್ಲಿ ಮೇಲಿದೆ ಅಂದ್ರೆ ನನಗೆ ಮೈ ಜುಮ್ಮನ್ನತ್ತೆ.

ಗಿಡ ಅಲ್ಲದಿದ್ರೆ ಊರು ಅಥವಾ ಸಂಸ್ಥೆ. ಫಂಗಸ್‌ಗೆ ಕೊಡೋ ನಿಸ್ಟಾಟಿನ್ ಅಂದ್ರೆ ನ್ಯೂಯಾರ್ಕ್ ಸ್ಟೇಟ್, ಅಲ್ಲಿನ ಆರೋಗ್ಯ ಇಲಾಖೆಯ ಲ್ಯಾಬ್‌ನಲ್ಲಿದ್ದ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಅನ್ನೋ ಇಬ್ಬರು ಹೆಣ್ಣುಮಕ್ಕಳು ಕಂಡುಹಿಡಿದಿದ್ದು. ಕಿಡ್ನಿ ಕಸಿ ಮಾಡಿಸ್ಕೊಂಡೋರಿಗೆ ಕೊಡೋ ಸಿರೊಲಿಮಸ್‌ನ ಹಳೇ ಹೆಸರು ರಾಪಾಮೈಸಿನ್, ರಾಪಾ ನೂಯಿ ದ್ವೀಪದ ಮಣ್ಣಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ. ರಕ್ತ ತೆಳು ಮಾಡೋ ವಾರ್ಫರಿನ್ ಕಥೆ ಕೊಟ್ಟಿಗೇಲಿ ಶುರುವಾಗತ್ತೆ, ಅಮೆರಿಕದಲ್ಲಿ ಕೆಟ್ಟ ಹುಲ್ಲು ತಿಂದ ದನಗಳು ರಕ್ತ ಸೋರಿ ಸಾಯ್ತಿದ್ವು, ಆ ಕಾರಣ ಹುಡುಕ್ತಾ ಹೋದ ವಿಸ್ಕಾನ್ಸಿನ್‌ನ ಕಾರ್ಲ್ ಪಾಲ್ ಲಿಂಕ್ ತಂಡ ಮಾಡಿದ್ದು ಇದು, ದುಡ್ಡು ಕೊಟ್ಟ ವಿಸ್ಕಾನ್ಸಿನ್ ಅಲುಮ್ನಿ ರಿಸರ್ಚ್ ಫೌಂಡೇಶನ್‌ನ ಮೊದಲಕ್ಷರಗಳು ವಾರ್ಫ್, ಹಿಂದೆ ಕೂಮರಿನ್‌ನ ಅರಿನ್. 1948ರಲ್ಲಿ ಇಲಿ ಪಾಷಾಣವಾಗಿ ಬಂತು, 1954ರಲ್ಲಿ ಮನುಷ್ಯರಿಗೆ ಔಷಧಿಯಾಯ್ತು. ಇನ್ಸುಲಿನ್ ಅಂದ್ರೆ ದ್ವೀಪ, ಮೇದೋಜೀರಕ ಗ್ರಂಥೀಲಿರೋ ಪುಟ್ಟ ಪುಟ್ಟ ಜೀವಕೋಶದ ದ್ವೀಪಗಳಿಂದ ಬಂದಿದ್ದು ಅಂತ.

ಈಗ ಮೆಟ್‌ಫಾರ್ಮಿನ್, ಇದರಲ್ಲಿ ನಿಧಾನ ಮಾಡ್ತೀನಿ. ಬಾಲ ಫಾರ್ಮಿನ್, ಇದೇ ಮನೆತನದ ಫೆನ್‌ಫಾರ್ಮಿನ್ ರಕ್ತದಲ್ಲಿ ಲ್ಯಾಕ್ಟಿಕ್ ಆಸಿಡ್ ಅಪಾಯದ ಮಟ್ಟಕ್ಕೆ ಏರಿಸ್ತಿತ್ತು ಅಂತ 1970ರ ದಶಕದಲ್ಲಿ ಎಷ್ಟೋ ದೇಶಗಳಲ್ಲಿ ವಾಪಸ್ ಹೋಯ್ತು, ಮೆಟ್‌ಫಾರ್ಮಿನ್ ಉಳೀತು. ಕೆಮಿಕಲ್ ಹೆಸರು ಡೈಮೀಥೈಲ್ ಬೈಗ್ವನೈಡ್. ಗ್ವನೈಡ್ ಅನ್ನೋದನ್ನ ಹಿಂದೆ ಹಿಂದೆ ಹಿಡ್ಕೊಂಡು ಹೋದ್ರೆ ಗ್ವಾನಿಡಿನ್, ಗ್ವಾನಿನ್, ಕೊನೆಗೆ ಗ್ವಾನೊ, ಅಂದ್ರೆ ಪೆರು ದೇಶದ ಸಮುದ್ರ ತೀರದ ಹಕ್ಕಿ ಹಿಕ್ಕೆ, ಅಲ್ಲಿನ ಕೆಚುವಾ ಭಾಷೆಯ ಪದ, ಗೊಬ್ಬರ ಅಂತ. ಗ್ವಾನಿನ್ ಅನ್ನೋ ವಸ್ತು ಮೊದಲು ಸಿಕ್ಕಿದ್ದು ಆ ಗೊಬ್ಬರದಲ್ಲೇ. ಔಷಧಿಗೆ ದಾರಿ ತೋರಿಸಿದ ಗಿಡ ಗಲೀಗಾ, ಆ ಹೆಸರಲ್ಲಿರೋ ಗಾಲಾ ಅಂದ್ರೆ ಗ್ರೀಕ್‌ನಲ್ಲಿ ಹಾಲು, ದನಕ್ಕೆ ಹಾಕಿದ್ರೆ ಹಾಲು ಹೆಚ್ಚತ್ತೆ ಅನ್ನೋ ನಂಬಿಕೆ ಇತ್ತು. 1957ರಲ್ಲಿ ಫ್ರಾನ್ಸಿನ ಡಾ. ಜಾನ್ ಸ್ಟೆರ್ನ್ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬಳಸಿದ ವರದಿ ಪ್ರಕಟಿಸಿದ್ರು, ಗ್ಲೂಕೊಫೇಜ್ ಅಂತ ಕರೆದ್ರು, ಗ್ಲೂಕೋಸ್ ತಿನ್ನೋದು ಅಂತ.

ಉಳಿದಿದ್ದು ಮೆಟ್. ಇದು ಮೀಥೈಲ್. 1830ರ ದಶಕದಲ್ಲಿ ಫ್ರಾನ್ಸಿನ ದ್ಯೂಮಾ ಮತ್ತೆ ಪೆಲಿಗೊ ಮರ ಕಾಯಿಸಿ ಇಳಿಸಿದ ಸ್ಪಿರಿಟ್‌ಗೋಸ್ಕರ ಗ್ರೀಕ್‌ನ ಮೆಥು ಮತ್ತೆ ಹುಲೇ ಎರಡು ಪದ ಸೇರಿಸಿ ಕಟ್ಟಿದ್ದು, ಮೆಥು ಅಂದ್ರೆ ಮದ್ಯ, ಹುಲೇ ಅಂದ್ರೆ ಮರ. ಈ ಗ್ರೀಕ್ ಮೆಥು ಮತ್ತು ಸಂಸ್ಕೃತದ ಮಧು ಒಡಹುಟ್ಟಿದ ಪದಗಳು, ಒಂದೇ ಹಳೇ ಇಂಡೋ ಯುರೋಪಿಯನ್ ಬೇರು. ಮಧುಮೇಹಕ್ಕೆ ಜಗತ್ತಲ್ಲಿ ಅತಿ ಹೆಚ್ಚು ಬರೆಯೋ ಔಷಧಿಗಳಲ್ಲಿ ಒಂದರ ಹೆಸರಿನ ಮೊದಲ ಅಕ್ಷರದಲ್ಲೇ ಮಧುವಿನ ತಂಗಿ ಕೂತಿದಾಳೆ, ಹೆಸರಿಟ್ಟೋರಿಗೆ ಕನ್ನಡವೂ ಗೊತ್ತಿಲ್ಲ ಸಂಸ್ಕೃತವೂ ನೆನಪಿಲ್ಲ, ಪದಗಳು ಅವುಗಳ ಪಾಡಿಗೆ ಅವು ನಡ್ಕೊಂಡು ಬಂದು ಸೇರ್ಕೊಂಡಿವೆ.

ಹೆಜ್ಜೆ 5: ಮೋಸ ಹೋಗೋ ಜಾಗ ಗೊತ್ತಿರಲಿ

ಸ್ಟಾಟಿನ್ ಅಂತ ಕಂಡ ತಕ್ಷಣ ಕೊಲೆಸ್ಟ್ರಾಲ್ ಅನ್ಬೇಡಿ. ಅಟೋರ್ವಾಸ್ಟಾಟಿನ್ ಕೊಲೆಸ್ಟ್ರಾಲ್‌ಗೆ, ನಿಸ್ಟಾಟಿನ್ ಫಂಗಸ್‌ಗೆ, ಅದಕ್ಕೇ ನಾನು ವ್ಯಾಸ್ಟಾಟಿನ್ ಅಂತ ಪೂರ್ತಿ ಬಾಲ ಹೇಳಿದ್ದು. ಇನ್ನೂ ಅಪಾಯದ್ದು ಪ್ರಜೋಲ್. ರಾಬೆಪ್ರಜೋಲ್ ಹೊಟ್ಟೆ ಆಸಿಡ್‌ಗೆ, ಅರಿಪಿಪ್ರಜೋಲ್ ಮನೋರೋಗಕ್ಕೆ, ಬರಹ ಗೀಚಿದಂಗಿದ್ರೆ ಎರಡೂ ಒಂದೇ ಥರ ಕಾಣತ್ತೆ, ಅಮೆರಿಕದಲ್ಲಿ ಇವೆರಡು ಅದಲುಬದಲಾಗಿ ಎಚ್ಚರಿಕೆ ಕೊಡ್ಬೇಕಾಗಿ ಬಂದಿತ್ತು. ಪ್ರಜೋಲ್‌ಗೆ ಮುಂಚೆ ಪಿ ಇದ್ರೆ, ಅಂದ್ರೆ ಪಿಪ್ರಜೋಲ್ ಆದ್ರೆ, ಬೇರೆ ಮನೆತನ. ಮೈಸಿನ್ ಅಂದ್ರೆ ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಾದ ಸಂಬಂಧ ಅಂತ ಮಾತ್ರ, ಅಜಿಥ್ರೊಮೈಸಿನ್ ಗಂಟಲು ಇನ್ಫೆಕ್ಷನ್‌ಗೆ ಕೊಡ್ತಾರೆ, ಬ್ಲಿಯೊಮೈಸಿನ್ ಕ್ಯಾನ್ಸರ್‌ಗೆ.

ಉಲ್ಟಾನೂ ಇದೆ, ಬಾಲ ಬೇರೆ ಇದ್ರೂ ಕೆಲಸ ಒಂದೇ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಮೆಲಾಕ್ಸಿಕ್ಯಾಮ್, ಎಟೊರಿಕಾಕ್ಸಿಬ್ ಬಾಲಗಳು ನಾಲ್ಕು ಥರ, ಆದ್ರೆ ಎಲ್ಲಾ ನೋವು ಊತದ ಒಂದೇ ಗುಂಪು, ಎರಡು ಒಟ್ಟಿಗೆ ತಗೊಂಡ್ರೆ ಹೊಟ್ಟೆಗೂ ಕಿಡ್ನಿಗೂ ಕಷ್ಟ. ಮಂಡಿ ನೋವಿಗೆ ಒಂದು, ಹಲ್ಲು ನೋವಿಗೆ ಇನ್ನೊಂದು ಅಂತ ಎಷ್ಟೋ ಮನೇಲಿ ನಡೀತಾ ಇರತ್ತೆ.

ಹೆಜ್ಜೆ 6: ಸ್ಪೆಲಿಂಗ್ ಬೇರೆ ಇದ್ರೆ ಔಷಧಿ ಬೇರೆ ಅಂದ್ಕೋಬೇಡಿ

ವಿಶ್ವ ಆರೋಗ್ಯ ಸಂಸ್ಥೆ ನಿಯಮದಲ್ಲಿ ಪಿ-ಎಚ್ ಬದಲು ಎಫ್, ಟಿ-ಎಚ್ ಬದಲು ಟಿ, ವೈ ಬದಲು ಐ ಬರೀಬೇಕು ಅಂತಿದೆ, ಎಲ್ಲ ದೇಶದೋರಿಗೂ ಓದೋಕೆ ಸುಲಭ ಆಗ್ಲಿ ಅಂತ. ಅದಕ್ಕೇ ಐಬುಪ್ರೊಫೆನ್‌ನಲ್ಲಿ ಫೀನೈಲ್‌ನ ಫೆನ್‌ಗೆ ಎಫ್ ಬಂದಿರೋದು, ಐಸೊಬ್ಯೂಟೈಲ್‌ನ ಐಬು, ಪ್ರೊಪಿಯಾನಿಕ್‌ನ ಪ್ರೊ, ಫೀನೈಲ್‌ನ ಫೆನ್. ಅಮಾಕ್ಸಿಸಿಲಿನ್ ಸ್ಪೆಲಿಂಗ್‌ನಲ್ಲಿ ವೈ ಇದ್ರೆ ಹಳೇ ಬ್ರಿಟಿಷ್ ಪದ್ಧತಿ, ಐ ಇದ್ರೆ ಹೊಸದು, ವಸ್ತು ಅದೇ. ಲಿಗ್ನೊಕೇನ್ ಮತ್ತು ಲಿಡೊಕೇನ್ ಒಂದೇ, ಫ್ರೂಸಮೈಡ್ ಮತ್ತು ಫ್ಯೂರೊಸಮೈಡ್ ಒಂದೇ, ನಮ್ಮ ಸಾಲ್ಬುಟಮಾಲ್ ಅಮೆರಿಕದಲ್ಲಿ ಆಲ್ಬುಟೆರಾಲ್. ಅಡ್ರಿನಲಿನ್ ಮತ್ತು ಎಪಿನೆಫ್ರಿನ್ ಕೂಡ ಒಂದೇ, ಮೊದಲನೇದು ಲ್ಯಾಟಿನ್ ಎರಡನೇದು ಗ್ರೀಕ್, ಎರಡೂ ಹೇಳೋದು ಕಿಡ್ನಿಗೆ ಅಂಟ್ಕೊಂಡಿರೋ ಗ್ರಂಥಿಯದ್ದು ಅಂತಲೇ. ವಿದೇಶದಲ್ಲಿ ಡಾಕ್ಟ್ರ ಹತ್ರ ಹೋಗೋವಾಗ ಎರಡೂ ಹೆಸರು ಬರ್ದಿಟ್ಕೊಂಡಿದ್ರೆ ವಾಸಿ.

ಹೆಜ್ಜೆ 7: ಮನೆ ಪುಸ್ತಕದಲ್ಲಿ ಬರೀರಿ

ಹಾಲಿನ ಲೆಕ್ಕದ ಪುಸ್ತಕ ಇರತ್ತಲ್ಲ, ಅಂಥದ್ದೊಂದು ಸಾಕು. ಒಬ್ಬೊಬ್ಬರಿಗೆ ಒಂದು ಪುಟ. ಬ್ರ್ಯಾಂಡ್ ಹೆಸರು, ಪಕ್ಕದಲ್ಲಿ ಜನೆರಿಕ್ ಹೆಸರು, ಬಾಲಕ್ಕೆ ಕೆಂಪು ಪೆನ್ನಲ್ಲಿ ಅಡಿಗೆರೆ, ಎಷ್ಟು ಮಿಲಿಗ್ರಾಂ, ಯಾವ ಡಾಕ್ಟ್ರು ಯಾವತ್ತು ಬರೆದ್ರು. ಬಾಲ ಗೊತ್ತಾಗದಿದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಸ್ಟೆಮ್ ಪಟ್ಟಿ ಫ್ರೀಯಾಗಿ ಸಿಗತ್ತೆ, ಅಲ್ಲಿ ನೋಡಿ. ಒಂದೇ ಪುಟದಲ್ಲಿ ಒಂದೇ ಬಾಲಕ್ಕೆ ಕೆಂಪು ಗೆರೆ ಎರಡು ಸಲ ಬಂದ್ರೆ ಆವತ್ತೇ ಡಾಕ್ಟ್ರಿಗೆ ಫೋನ್ ಮಾಡಿ ಕೇಳಿ, ನೀವೇ ನಿಲ್ಲಿಸೋದು ಬೇಡ, ಕೆಲವು ಮಾತ್ರೆ ಥಟ್ಟಂತ ನಿಲ್ಲಿಸಿದ್ರೂ ಅಪಾಯ, ಒಲಾಲ್ ಬಾಲದ್ದಂತೂ ಹಾಗೇ.

ನಮ್ಮಪ್ಪನ ಪುಟದಲ್ಲಿ ಈಗ ಸಾರ್ಟನ್ ಒಂದೇ ಸಾಲಲ್ಲಿದೆ, ಅದರ ಕೆಳಗಿನ ಗೆರೆ ಅವ್ರೇ ಎಳೆದಿದ್ದು, ಸ್ವಲ್ಪ ಸೊಟ್ಟಗಿದೆ.